ಕೆರಿಬಿಯನ್ ಕಾರ್ನಿವಲ್‌ನ ವೇಷಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಟ್ರಿನಿಡಾಡಿನ ಕಾರ್ನಿವಲ್ ವೇಷಗಳ ಚಿತ್ರಪುಟ ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಕೆಲವು ‘ಇವರೆಲ್ಲ ಯಾರು?’ ಎಂದು ಕೇಳಿವೆ. ಹೆಚ್ಚಿನವು ‘ನಾವೂ ಕಟ್ಟಬಹುದೇ, ಹೇಗೆ?’ ಎಂದು ಕೇಳಿವೆ. ಹಾಗಾಗಿ ಕಟ್ಟುವ ಪ್ರಶ್ನೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ (ಮೈಸೂರು): ಟಿವಿಯಲ್ಲಿ ಕಾಣುವ ಟ್ರಿನಿಡಾಡ್ ಕಾರ್ನಿವಲ್ ಅಂದರೆ ಗರಿ, ಮಣಿ, ಈಜುಡುಗೆ. ನೀವು ಹಾಕಿದ ಚಿತ್ರಗಳಲ್ಲಿ ದೆವ್ವ, ದರೋಡೆಕೋರ, ಮರಗಾಲಿನವರು. ಎರಡೂ ಒಂದೇ ಹಬ್ಬವೇ?

ಉತ್ತರ: ಹೌದು, ಒಂದೇ ಹಬ್ಬ, ಅದೇ ಎರಡು ದಿನ. ಕ್ರೈಸ್ತರ ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ ಮತ್ತು ಮಂಗಳವಾರ. ಗರಿ-ಮಣಿಯ ದೊಡ್ಡ ತಂಡಗಳಿಗೆ ಅಲ್ಲಿ ‘ಪ್ರೆಟಿ ಮಾಸ್’ ಎನ್ನುತ್ತಾರೆ, ಹಳೆಯ ಪಾತ್ರಗಳಿಗೆ ‘ಟ್ರೆಡಿಷನಲ್ ಮಾಸ್’ (‘ಮಾಸ್’ ಎಂದರೆ ವೇಷದ ಆಟ). ಪ್ರೆಟಿ ಮಾಸ್‌ನಲ್ಲಿ ನೂರಾರು ಜನ ಒಂದೇ ಉಡುಪು ಕೊಂಡು ತೊಟ್ಟು ಕುಣಿಯುತ್ತಾರೆ. ಹಳೆಯ ವೇಷಗಳ ರೀತಿಯೇ ಬೇರೆ. ಒಂದೊಂದಕ್ಕೂ ಹೆಸರಿದೆ, ನಡಿಗೆಯಿದೆ, ಹಲವಕ್ಕೆ ಮಾತೂ ಇದೆ. ಎದುರು ಸಿಕ್ಕವರನ್ನು ಏನಾದರೂ ಕೇಳುವ ಹಕ್ಕೂ ಇದೆ. ದೆವ್ವ ಕಾಸು ಕೇಳುತ್ತದೆ, ದರೋಡೆಕೋರ ಮಾತಿನಲ್ಲೇ ಕಟ್ಟಿಹಾಕಿ ಸುಲಿಯುತ್ತಾನೆ, ಬೇಬಿ ಡಾಲ್ ಮಗುವಿನ ಹಾಲಿಗೆ ದುಡ್ಡು ಕೇಳುತ್ತಾಳೆ. ಈ ಕೇಳುವಿಕೆಯನ್ನು ಬಿಟ್ಟು ಬಟ್ಟೆ ಮಾತ್ರ ಹೊಲಿದರೆ ವೇಷ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಮೂಲದ ಬಗ್ಗೆ ಚಿಕ್ಕದಾಗಿ: ಸ್ಪೇನ್ ದೊರೆಯ 1783ರ ಆಜ್ಞೆಯ ನಂತರ ಫ್ರೆಂಚ್ ಕ್ಯಾಥೊಲಿಕ್ ತೋಟದ ಮಾಲೀಕರು ಗುಲಾಮರನ್ನು ಕರೆದುಕೊಂಡು ಟ್ರಿನಿಡಾಡಿಗೆ ಬಂದು ನೆಲೆಸಿದರು. ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ) ಮುಂಚೆ ಮುಖವಾಡ ತೊಟ್ಟು ಕುಣಿಯುವುದು ಅವರ ಮನೆಗಳ ಮೋಜು. 1834ರಲ್ಲಿ ಗುಲಾಮಗಿರಿ ರದ್ದಾಯಿತು, 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕಿತು. ಬಿಡುಗಡೆಯಾದವರು ಹಬ್ಬವನ್ನು ಬೀದಿಗೆ ತಂದರು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನು ರಾತ್ರೋರಾತ್ರಿ ಓಡಿಸಿ ಆರಿಸಲು ಕಳಿಸುತ್ತಿದ್ದರು. ಅದರ ನೆನಪಿಗೆ ಪಂಜು ಹಿಡಿದು, ಡೋಲು ಬಡಿದು, ಕೋಲು ಬೀಸುತ್ತ ಹೊರಡುವ ‘ಕ್ಯಾನ್‌ಬುಲೇ’ ಮೆರವಣಿಗೆ ಬಂತು. 1881ರಲ್ಲಿ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಬೇಕರ್ ಇದನ್ನು ತಡೆಯಲು ಹೋದಾಗ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಬೀದಿಗಳಲ್ಲಿ ಹೊಡೆದಾಟವೇ ಆಯಿತು. 1884ರ ಕಾಯ್ದೆ ಪಂಜು, ಡೋಲು, ಕೋಲಿನ ಗುಂಪುಗಳ ಮೇಲೆ ನಿರ್ಬಂಧ ಹೇರಿತು. ಜನ ಬಿದಿರು ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ತಗಡಿನ ಡಬ್ಬಗಳಿಗೆ ಬಂದರು, ಅಲ್ಲಿಂದ ಸ್ಟೀಲ್ ಪ್ಯಾನ್ ಎಂಬ ಉಕ್ಕಿನ ವಾದ್ಯ ಹುಟ್ಟಿತು. ಈ ವೇಷಗಳಲ್ಲಿ ಇಷ್ಟೊಂದು ಸೆಡವು ಯಾಕೆ ಎಂದು ಕೇಳಿದವರಿಗೆ ಉತ್ತರ ಈ ಚರಿತ್ರೆಯಲ್ಲಿದೆ.

ಪ್ರಶ್ನೆ (ಧಾರವಾಡ): ನಮ್ಮ ರಂಗತಂಡಕ್ಕೆ ‘ಮಿಡ್‌ನೈಟ್ ರಾಬರ್’ ಪಾತ್ರ ಬೇಕಾಗಿದೆ. ಆ ದೊಡ್ಡ ಟೋಪಿ ಮಾಡುವುದು ಹೇಗೆ? ಮಾತು ಹೇಗಿರಬೇಕು?

ಉತ್ತರ: ಟೋಪಿಯಿಂದ ಶುರು ಮಾಡೋಣ. ಅಮೆರಿಕದ ಕೌಬಾಯ್ ಟೋಪಿಯನ್ನು ಅತಿಯಾಗಿ ಹಿಗ್ಗಿಸಿದ ರೂಪ ಅದು. ಅಂಚಿಗೆ ಗೊಂಡೆ, ಮೇಲೆ ತಲೆಬುರುಡೆ ಅಥವಾ ಶವಪೆಟ್ಟಿಗೆಯ ಆಕಾರ. ರಂಗಕ್ಕೆ ಅಂಚಿನ ಅಡ್ಡಳತೆ 75ರಿಂದ 90 ಸೆಂ.ಮೀ. ಸಾಕು. ಬಿದಿರಿನ ಸೀಳಿನಿಂದ ಎರಡು ಬಳೆ ಮಾಡಿ, ಒಂದು ತಲೆಯ ಸುತ್ತಳತೆಗೆ, ಒಂದು ಹೊರ ಅಂಚಿಗೆ. ನಡುವೆ ಎಂಟು ತಂತಿ ಕಡ್ಡಿಗಳನ್ನು ಸಮದೂರದಲ್ಲಿ ಕಟ್ಟಿ. ಮೇಲೆ ಕಪ್ಪು ಬಟ್ಟೆ ಬಿಗಿದು ಹೊಲಿಯಿರಿ. ಅಂಚಿನಿಂದ 10–15 ಸೆಂ.ಮೀ. ಇಳಿಯುವ ಗೊಂಡೆ ಬಿಡಿ. ಒಟ್ಟು ತೂಕ ಒಂದೂವರೆ ಕಿಲೋ ದಾಟಬಾರದು. ದಾಟಿದರೆ ಕುತ್ತಿಗೆ ಸೋತು, ನಟ ತಲೆ ಆಡಿಸುವುದನ್ನೇ ಬಿಟ್ಟುಬಿಡುತ್ತಾನೆ. ಈ ವೇಷದಲ್ಲಿ ತಲೆ ಆಡದಿದ್ದರೆ ಗೊಂಡೆ ಆಡದು, ಗೊಂಡೆ ಆಡದಿದ್ದರೆ ಬೆದರಿಕೆ ಹುಟ್ಟದು.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಮುಂದಿನ ಅಂಚು ಜೋತುಬಿದ್ದು ಮುಖ ಮುಚ್ಚುವುದು ಒಂದು. ಟೋಪಿಯ ತುದಿಯಿಂದ ಮುಂದಿನ ಅಂಚಿಗೆ ಕಪ್ಪು ದಾರವನ್ನು ಎರಡು ಕಡೆ ಎಳೆದು ಕಟ್ಟಿದರೆ ಅದು ನಿಲ್ಲುತ್ತದೆ. ಇನ್ನೊಂದು, ತಿರುಗಿದಾಗ ತಲೆ ತಿರುಗಿದರೂ ಟೋಪಿ ಅಲ್ಲೇ ಉಳಿಯುವುದು. ಒಳಗೆ 5 ಸೆಂ.ಮೀ. ಅಗಲದ ದಪ್ಪ ಬಟ್ಟೆಯ ಪಟ್ಟಿ ಹಾಕಿ, ಗಲ್ಲದ ಕೆಳಗೆ ಕಟ್ಟುವ ದಾರ ಕೊಡಿ. ಉಳಿದದ್ದು ಬುರುಡೆ-ಎಲುಬು ಬರೆದ ಉದ್ದನೆಯ ಕಪ್ಪು ಮೇಲಂಗಿ, ಸೊಂಟಕ್ಕೆ ಕಠಾರಿ ಅಥವಾ ಆಟದ ಪಿಸ್ತೂಲು, ಕೈಯಲ್ಲಿ ಶವಪೆಟ್ಟಿಗೆಯ ಆಕಾರದ ಹಣದ ಡಬ್ಬ, ಕೊರಳಿಗೆ ಸೀಟಿ.

ಈಗ ಮಾತು. ಈ ಪಾತ್ರದ ಜೀವ ಇರುವುದು ಅದರಲ್ಲೇ. ರಾಬರ್ ಮಾತಿಗೆ ಸ್ಥೂಲವಾಗಿ ನಾಲ್ಕು ಹೆಜ್ಜೆ: ತನ್ನ ಹುಟ್ಟು, ತನ್ನ ಪರಾಕ್ರಮ, ಎದುರಿನವನಿಗೆ ಬೆದರಿಕೆ, ಕೊನೆಗೆ ಸುಲಿಗೆ. ಹುಟ್ಟು ಯಾವಾಗಲೂ ಪ್ರಳಯದಂತೆ ಇರಬೇಕು. ಮಾದರಿಗೆ ನಾವೇ ಕಟ್ಟಿದ ನಾಲ್ಕು ಸಾಲು: ‘ನಿಲ್ಲು, ಹುಲುಮಾನವ! ನಾನು ಹುಟ್ಟಿದ ರಾತ್ರಿ ಚಂದ್ರ ಬಾವಿಗೆ ಬಿದ್ದ, ಸಿಡಿಲು ಸೂಲಗಿತ್ತಿಯಾಗಿ ಬಂತು. ಮೂರನೆಯ ವಯಸ್ಸಿಗೆ ಏಳು ಸಮುದ್ರ ಕುಡಿದೆ, ಬಾಯಾರಿಕೆ ಹೋಗಲಿಲ್ಲ. ನಿನ್ನ ಅಜ್ಜನ ಅಜ್ಜನ ನೆರಳು ಇನ್ನೂ ನನ್ನ ಸೆರೆಯಲ್ಲಿದೆ. ಗಂಟು ಬಿಚ್ಚು, ಇಲ್ಲವೇ ನಿನ್ನ ಹೆಸರನ್ನು ಗಾಳಿಯಿಂದ ಅಳಿಸಿಬಿಡುತ್ತೇನೆ!’ ಒಂದು ಸರಣಿ ಮುಗಿದಾಗ ಸೀಟಿ ಊದಬೇಕು. ಅದು ಉಸಿರು ತೆಗೆದುಕೊಳ್ಳುವ ಜಾಗವೂ ಹೌದು, ಮುಂದಿನ ಸರಣಿಗೆ ಕರೆಯೂ ಹೌದು.

ಹೊಸಬರು ಮೊದಲ ವಾಕ್ಯದಿಂದಲೇ ಕಿರುಚಲು ಶುರು ಮಾಡುತ್ತಾರೆ. ಆಗ ಮೇಲೇರಲು ಜಾಗವೇ ಉಳಿಯುವುದಿಲ್ಲ. ತಗ್ಗಿನಲ್ಲಿ, ನಿಧಾನವಾಗಿ, ಓದಿಕೊಂಡವನ ಗತ್ತಿನಲ್ಲಿ ಆರಂಭಿಸಿ. ಹಳೆಯ ರಾಬರ್‌ಗಳು ಶಾಲಾ ಪಠ್ಯದ ಗಟ್ಟಿ ಇಂಗ್ಲಿಷನ್ನೂ ಬೈಬಲ್ಲಿನ ಗಾಂಭೀರ್ಯವನ್ನೂ ಬೆರೆಸಿ ಮಾತಾಡುತ್ತಿದ್ದರು. ಕನ್ನಡದಲ್ಲಿ ಮಾಡುವವರು ಹಳಗನ್ನಡದ ಧಾಟಿ ಸ್ವಲ್ಪ ಎರವಲು ಪಡೆದರೆ ಆ ಗತ್ತು ಸಿಗುತ್ತದೆ. ಇಬ್ಬರು ರಾಬರ್‌ಗಳು ಎದುರಾದರೆ ಮಾತಿನಲ್ಲೇ ಕಾದಾಟ. ನಿಮ್ಮ ನಾಟಕದಲ್ಲಿ ಸಾಧ್ಯವಾದರೆ ಆ ದೃಶ್ಯ ಇಟ್ಟುಕೊಳ್ಳಿ.

ಪ್ರಶ್ನೆ (ಸಾಗರ): ಚಿಂದಿ ಬಟ್ಟೆಯ ‘ಪಿಯರೋ ಗ್ರೆನೇಡ್’ ಎಂಬಾತ ಏನು ಮಾಡುತ್ತಾನೆ?

ಉತ್ತರ: ಪದಗಳ ಕಾಗುಣಿತ ಹೇಳುತ್ತಾನೆ! ಇವನಿಗಿಂತ ಮುಂಚೆ ರೇಷ್ಮೆ, ವೆಲ್ವೆಟ್ ತೊಟ್ಟ ಠೀವಿಯ ‘ಪಿಯರೋ’ ಇದ್ದ. ಅವನನ್ನು ಅಣಕಿಸಲು ಬಂದ ಬಡ ಪಂಡಿತ ಈತ. ಗೋಣಿಬಟ್ಟೆಯ ಅಂಗಿಯ ಮೇಲೆ ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳನ್ನು ಸಾಲುಸಾಲಾಗಿ ಹೊಲಿದಿರುತ್ತಾರೆ, ನಡುನಡುವೆ ಚಿಕ್ಕ ತಗಡಿನ ಡಬ್ಬಿಗಳು. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತ ಹೋಗಬೇಕು, ಮೇಲಿನ ಸಾಲು ಕೆಳಗಿನದರ ಹೊಲಿಗೆಯನ್ನು ಮುಚ್ಚುವಂತೆ. ಮೇಲಿನಿಂದ ಶುರು ಮಾಡಿದವರಿಗೆ ಪ್ರತಿ ಸಾಲಿಗೂ ಪಟ್ಟಿ ಎತ್ತಿ ಹಿಡಿಯುವ ಕೆಲಸ ಬರುತ್ತದೆ.

ಅವನ ಕಾಗುಣಿತ ಅಕ್ಷರದ್ದಲ್ಲ. ಪದವನ್ನು ತುಂಡು ಮಾಡಿ, ಪ್ರತಿ ತುಂಡಿಗೆ ಕತೆ ಕಟ್ಟಿ, ಕೊನೆಗೆ ಜೋಡಿಸುತ್ತಾನೆ. ಆ ಕತೆಯೊಳಗೆ ಊರಿನ ಹಗರಣ, ಮಂತ್ರಿಗಳ ಸುದ್ದಿ ಎಲ್ಲ ನುಸುಳುತ್ತದೆ. ನಮ್ಮಲ್ಲಾದರೆ ‘ಸರಕಾರ’ ಎಂಬ ಪದ ಕೊಟ್ಟರೆ, ಯಾರದೋ ಕೊರಳಿನ ಸರ ಕಳೆದುಹೋದ ಕತೆ ಒಂದು, ದೂರು ಕೊಡಲು ಹೋದಾಗ ಎದುರಾದ ಕಾರಿನ ಕತೆ ಇನ್ನೊಂದು, ಕೊನೆಗೆ ‘ಸರವೂ ಹೋಯಿತು, ಕಾರೂ ಹೋಯಿತು, ಉಳಿದದ್ದು ಸರಕಾರ’ ಎಂದು ಮುಗಿಸಬಹುದು.

ಪ್ರಶ್ನೆ (ಹಾಸನ): ಶಾಲೆಯ ಮಕ್ಕಳಿಂದ ಪೋರ್ಟೊರಿಕೊದ ಕೊಂಬಿನ ಮುಖವಾಡ ಮಾಡಿಸಬೇಕೆಂದಿದ್ದೇನೆ. ಕಾಗದದ್ದು ಸಾಧ್ಯವೇ? ಹಿಂದೊಮ್ಮೆ ಮಾಡಿಸಿದ ಕಾಗದದ ಮುಖವಾಡಗಳು ಬೂಸ್ಟು ಹಿಡಿದು ಹೋದವು.

ಉತ್ತರ: ನೀವು ಹೇಳುತ್ತಿರುವುದು ಪೊನ್ಸೆ ನಗರದ ‘ವೆಹಿಗಾಂತೆ’. ಫೆಬ್ರುವರಿ ಹೊತ್ತಿನ ಅಲ್ಲಿನ ಕಾರ್ನಿವಲ್‌ನಲ್ಲಿ ಈ ವೇಷಧಾರಿಗಳು ಗಾಳಿ ತುಂಬಿ ಒಣಗಿಸಿದ ದನದ ಮೂತ್ರಕೋಶ ಹಿಡಿದು ಜನರಿಗೆ ಬಡಿಯುತ್ತ ಓಡಾಡುತ್ತಾರೆ. ಪೊನ್ಸೆಯ ಮುಖವಾಡ ಕಾಗದದ್ದೇ, ಕೊಂಬುಗಳು ಹಲವು, ಮೇಲೆ ಬಣ್ಣದ ಚುಕ್ಕಿಗಳು. ಮೂತ್ರಕೋಶದ ಬದಲು ಮಕ್ಕಳ ಕೈಗೆ ಬಲೂನು ಕೊಡಿ.

ಒಂದು ಮುಖವಾಡಕ್ಕೆ ಬೇಕಾದ್ದು: ಸುಮಾರು ಎರಡು ಕಿಲೋ ಜೇಡಿಮಣ್ಣು (ಅಚ್ಚಿಗೆ, ಮತ್ತೆ ಬಳಸಬಹುದು), ಹಳೆಯ ದಿನಪತ್ರಿಕೆ, ಕಂದು ಬಣ್ಣದ ಪ್ಯಾಕಿಂಗ್ ಕಾಗದ, ಒಂದು ಲೋಟ ಮೈದಾ, ಐದು ಲೋಟ ನೀರು, ವ್ಯಾಸಲಿನ್, ಚಾಕ್ ಪುಡಿ, ಫೆವಿಕಾಲ್, ಬಣ್ಣ.

ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ನಾಲ್ಕು ಲೋಟ ನೀರಿಗೆ ಹೊಯ್ದು, ತೆಳುವಾಗಿ ಮಿನುಗುವವರೆಗೆ ಕೈಯಾಡಿಸಿ. ಎರಡು ಚಮಚ ಉಪ್ಪು ಹಾಕಿ ಆರಿಸಿ. ಹುಳು ಬಾರದಿರಲೆಂದು ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುವುದುಂಟು. ಮುಖಕ್ಕೆ ಕಟ್ಟುವ, ಅದರಲ್ಲೂ ಮಕ್ಕಳು ಮುಟ್ಟುವ ವಸ್ತುವಿಗೆ ಅದನ್ನು ಖಂಡಿತ ಹಾಕಬೇಡಿ, ಅದು ವಿಷ. ನಾಲ್ಕು ಹನಿ ಲವಂಗದ ಎಣ್ಣೆ ಸಾಕು.

ಮಣ್ಣಿನಲ್ಲಿ ಮುಖದ ಅಚ್ಚು ಮಾಡಿ. ಹುಬ್ಬು, ಮೂಗು, ತುಟಿ ಎಲ್ಲವನ್ನೂ ನಿಮಗೆ ಬೇಕೆನಿಸುವುದಕ್ಕಿಂತ ಹೆಚ್ಚು ಉಬ್ಬಿಸಿ, ಏಕೆಂದರೆ ಮೇಲೆ ಕಾಗದದ ಪದರ ಬಂದಂತೆ ಉಬ್ಬು-ತಗ್ಗು ಮಾಸುತ್ತದೆ. ವ್ಯಾಸಲಿನ್ ಸವರಿ. ಮೊದಲ ಪದರ ಅಂಟಿಲ್ಲದೆ ಬರೀ ನೀರಿನಲ್ಲಿ ನೆನೆಸಿದ ಕಾಗದದ್ದು, ಇಲ್ಲದಿದ್ದರೆ ಅಚ್ಚಿನಿಂದ ಬಿಡಿಸುವಾಗ ಹರಿಯುತ್ತದೆ. ಆಮೇಲೆ ಒಂದು ಪದರ ಪತ್ರಿಕೆ, ಒಂದು ಪದರ ಕಂದು ಕಾಗದ, ಹೀಗೆ ಆರರಿಂದ ಎಂಟು ಪದರ. ಬಣ್ಣ ಬೇರೆಯಿದ್ದರೆ ಯಾವ ಜಾಗ ಬಿಟ್ಟುಹೋಯಿತೆಂದು ಮಕ್ಕಳಿಗೇ ಕಾಣುತ್ತದೆ. ಕಾಗದವನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ತೆಳುವಾಗಿದ್ದು ಒಂದರೊಳಗೊಂದು ಕೂರುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತದೆ.

ಬೂಸ್ಟಿಗೆ ಕಾರಣ ಬಹುಪಾಲು ಒಂದೇ: ಎಂಟೂ ಪದರವನ್ನು ಒಂದೇ ದಿನ ಹಚ್ಚುವುದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ, ಗಂಜಿಯ ಅಂಟಿಗೆ ಅಷ್ಟು ಸಾಕು. ಎರಡು-ಮೂರು ಪದರಕ್ಕೊಮ್ಮೆ ನಿಲ್ಲಿಸಿ ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಒಂದು ಕಡೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಬೆರಳಿನಿಂದ ತಟ್ಟಿದಾಗ ಖಾಲಿ ಡಬ್ಬದ ಸದ್ದು ಬಂದರೆ ಒಣಗಿದೆ ಎಂದರ್ಥ, ಮುಟ್ಟಿದಾಗ ತಣ್ಣಗನಿಸಿದರೆ ಇನ್ನೂ ಹಸಿ. ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳದಿರುವುದೇ ಒಳ್ಳೆಯದು.

ಕೊಂಬುಗಳನ್ನು ಬೇರೆಯಾಗಿ, ಕಾಗದದ ಸುರುಳಿಯಿಂದ ಮಾಡಿ. ಬುಡವನ್ನು ಎಂಟು ಸೀಳು ಸೀಳಿ ಹೂವಿನಂತೆ ಅಗಲಿಸಿ ಮುಖವಾಡಕ್ಕೆ ಅಂಟಿಸಿ, ಮೇಲೆ ಮೂರು ಪದರ ಕಾಗದ ಹಚ್ಚಿ. ಉದ್ದ ಕೊಂಬಿಗೆ ಒಳಗೊಂದು ತಂತಿ ಹಾಯಿಸಿ ಎದುರು ಕೊಂಬಿನ ತಂತಿಗೆ ಹೆಣೆಯಿರಿ. ಕೊಂಬು ಮುರಿಯುವುದು ಯಾವಾಗಲೂ ಬುಡದಲ್ಲಿ, ಅದೂ ಬರೀ ಅಂಟಿನ ಮೇಲೆ ನಿಂತಿದ್ದರೆ. ಕಣ್ಣಿನ ತೂತನ್ನು ಕೊನೆಗೆ ಕೊರೆಯಿರಿ. ದೊಡ್ಡವರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.3 ಸೆಂ.ಮೀ., ಮಕ್ಕಳದು ಕಡಿಮೆ. ಹಾಗಾಗಿ ತೊಡುವ ಮಗುವಿನ ಮುಖಕ್ಕೇ ಹಿಡಿದು ಗುರುತು ಹಾಕಿ. ಮೂಗಿನ ಕೆಳಗೂ ಗಾಳಿಗೆ ದಾರಿ ಇರಲಿ. ಬಣ್ಣಕ್ಕೆ ಮುಂಚೆ ಚಾಕ್ ಪುಡಿ ಮತ್ತು ನೀರು ಬೆರೆಸಿದ ಫೆವಿಕಾಲ್ ಕಲಸಿ ಎರಡು ಸಲ ಬಳಿದು, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಆ ಬಿಳಿಯ ಮೇಲೆ ಕೆಂಪು-ಹಳದಿ ಎದ್ದು ಕಾಣುತ್ತವೆ.

ಪ್ರಶ್ನೆ (ತಿಪಟೂರು): ತೆಂಗಿನಕಾಯಿಯಿಂದಲೂ ಇಂಥ ಮುಖವಾಡ ಮಾಡುತ್ತಾರೆಂದು ಕೇಳಿದ್ದೇನೆ. ಕರಟದಲ್ಲೋ, ಸಿಪ್ಪೆಯಲ್ಲೋ?

ಉತ್ತರ: ಸಿಪ್ಪೆಯಲ್ಲಿ. ಪೋರ್ಟೊರಿಕೊದಲ್ಲೇ ಲೊಯ್ಸಾ ಎಂಬ ಊರಿದೆ, ಆಫ್ರಿಕನ್ ಮೂಲದವರು ಹೆಚ್ಚಾಗಿರುವ ಊರು. ಅಲ್ಲಿನ ವೆಹಿಗಾಂತೆ ಬರುವುದು ಕಾರ್ನಿವಲ್‌ನಲ್ಲಲ್ಲ, ಜುಲೈ ಕೊನೆಯ ಸಂತ ಸ್ಯಾಂಟಿಯಾಗೊ ಹಬ್ಬದಲ್ಲಿ. ಜೊತೆಗೆ ಕುದುರೆ ಸವಾರನಾದ ‘ಕಬಾಯೆರೊ’, ಮುದುಕನಾದ ‘ವಿಯೆಹೊ’, ಗಂಡಸರೇ ಹೆಣ್ಣುವೇಷ ಹಾಕುವ ‘ಲೋಕಾ’. ಈ ಮುಖವಾಡದ ಕಸುಬನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಕಾಸ್ಟೋರ್ ಆಯಾಲಾ ಮುಖ್ಯರು, ಅವರ ಮನೆತನದವರು ಕೆಲಸವನ್ನು ಮುಂದುವರಿಸಿದರು.

ನಿಮ್ಮಲ್ಲಿ ಕಾಯಿಗೆ ಬರವಿಲ್ಲ, ಹಾಗಾಗಿ ಮಾಡಿಯೇ ನೋಡಿ. ಚೆನ್ನಾಗಿ ಬಲಿತು, ಸಿಪ್ಪೆ ಕಂದಾಗಿ ಒಣಗಿದ, ನಿಮ್ಮಲ್ಲಿರುವುದರಲ್ಲೇ ದೊಡ್ಡದಾದ ಕಾಯಿ ಆರಿಸಿ. ಹಸಿರು ಸಿಪ್ಪೆಯಲ್ಲಿ ಕೊರೆದರೆ ಒಣಗುತ್ತ ಕುಗ್ಗಿ ಬಾಯಿಯ ಮೂಲೆಯಿಂದ ಬಿರುಕು ಬಿಡುತ್ತದೆ. ಉದ್ದಕ್ಕೆ ಗರಗಸ ಹಾಕಿ ಹಿಂಭಾಗದ ಮೂರನೇ ಒಂದು ಪಾಲು ತೆಗೆಯಿರಿ, ಕಾಯಿಯನ್ನು ಎಬ್ಬಿ ಹೊರತೆಗೆಯಿರಿ. ಒಳಗಿನ ನಾರನ್ನು ಕೆರೆದು ಗೋಡೆ ಒಂದೂವರೆಯಿಂದ ಎರಡು ಸೆಂ.ಮೀ. ಉಳಿಸಿ. ಅದಕ್ಕಿಂತ ತೆಳುವಾದರೆ ಕೊಂಬಿನ ತೂತು ಹಿಗ್ಗಿ ಕೊಂಬು ಕಳಚುತ್ತದೆ. ಮೂಗನ್ನು ಉಳಿಸಿಕೊಂಡು ಅಕ್ಕಪಕ್ಕ ಕೆತ್ತಿ. ಬಾಯಿ ಅಗಲವಾಗಿರಲಿ, ಹಲ್ಲಿಗೆ ಬಿದಿರಿನ ಚಕ್ಕೆ ಸಿಕ್ಕಿಸಿ. ಕೊಂಬಿಗೆ ಬಿದಿರು ಅಥವಾ ಮರದ ಗೂಟ, ತೂತು ಗೂಟಕ್ಕಿಂತ ಕೂದಲೆಳೆಯಷ್ಟು ಬಿಗಿ. ಬಣ್ಣ ಹಚ್ಚುವ ಮುನ್ನ ಒಂದು ವಾರ ನೆರಳಲ್ಲಿ ಬಿಟ್ಟು, ಹುಳು ಬಿದ್ದಿದೆಯೇ ನೋಡಿ.

ಪ್ರಶ್ನೆ (ಬಳ್ಳಾರಿ): ಮರಗಾಲಿನ ‘ಮೊಕೊ ಜಂಬಿ’ ಕಲಿಯಲು ಎಷ್ಟು ಎತ್ತರದಿಂದ ಶುರು ಮಾಡಬೇಕು? ಮರಗಾಲು ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು, ಆದರೆ ಮರದಲ್ಲಿ ಉಳಿತಾಯ ಮಾಡಬೇಡಿ. ಗಂಟಿಲ್ಲದ, ಎಳೆ ನೇರವಾಗಿ ಓಡುವ, ಎರಡು ಇಂಚು ಚೌಕದ ಮರ ಬೇಕು. ಒಂದೇ ಒಂದು ಗಂಟಿದ್ದರೂ ಮುರಿಯುವುದು ಅಲ್ಲೇ. ಪಾದ ಇಡುವ ಹಲಗೆಯನ್ನು ಬರೀ ಮೊಳೆಯಿಂದ ಹೊಡೆಯದೆ, ಕೆಳಗೆ ಆಸರೆಯ ಮರದ ತುಂಡು ಕೊಟ್ಟು, 8 ಮಿ.ಮೀ. ಬೋಲ್ಟ್ ಎರಡನ್ನು ಆರಪಾರ ಹಾಯಿಸಿ ನಟ್ಟು ಬಿಗಿಯಿರಿ. ಕೋಲು ಹಲಗೆಯಿಂದ ಮೇಲೆ ಮೀನಖಂಡದ ಹೊರಬದಿಗೆ ಮೊಣಕಾಲಿನ ಕೆಳಗಿನವರೆಗೆ ಬರಬೇಕು. ಪಾದಕ್ಕೊಂದು, ಮೊಣಕಾಲಿನ ಕೆಳಗೊಂದು ಕಟ್ಟು, ಎರಡಕ್ಕೂ ಒಳಗೆ ದಪ್ಪ ಸ್ಪಂಜು. ತುದಿಗೆ ಟೈರಿನ ತುಂಡು ಹೊಡೆದು, ಸವೆದು ಮೊಳೆ ಕಂಡ ದಿನವೇ ಬದಲಿಸಿ.

ಮೊದಲ ಎತ್ತರ 45 ಸೆಂ.ಮೀ. ಅದರಲ್ಲಿ ನಡೆಯುವುದು, ತಿರುಗುವುದು, ಬೀಳುವುದು ಮೂರೂ ಬಂದ ಮೇಲೆ 30 ಸೆಂ.ಮೀ.ನಂತೆ ಏರಿಸಿ. ಬೀಳುವುದನ್ನು ಕಲಿಯಲೇಬೇಕು. ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು, ಚಾಪೆಯ ಮೇಲೆ, ಮುಂದಕ್ಕೆ ಬಗ್ಗಿ ಮೊಣಕಾಲು, ಆಮೇಲೆ ಅಂಗೈ ಎಂಬ ಕ್ರಮದಲ್ಲಿ. ಹಿಂದಕ್ಕೆ ಬೀಳುವುದು ತೀರ ಅಪಾಯ, ಆದ್ದರಿಂದ ಭಾರ ಸದಾ ಸ್ವಲ್ಪ ಮುಂದಿರಲಿ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನಿಂತಲ್ಲೇ ನಿಲ್ಲಲು ನೋಡುವುದು. ಕೋಲಿನ ತುದಿ ಎರಡೇ ಇಂಚು, ಅದರ ಮೇಲೆ ಸ್ಥಿರವಾಗಿ ನಿಲ್ಲುವುದು ಆಗದ ಮಾತು. ಸೈಕಲ್ಲಿನಂತೆ ಚಲನೆಯಲ್ಲೇ ಸಮತೋಲ ಸಿಗುತ್ತದೆ. ನಿಂತಾಗಲೂ ಹೆಜ್ಜೆ ಎತ್ತಿಡುತ್ತಲೇ ಇರಿ. ನೋಟ ದೂರದಲ್ಲಿರಲಿ, ಪಾದ ನೋಡಿದವರು ಬೀಳುತ್ತಾರೆ.

ಮೊಣಕಾಲಿನ ಕೆಳಗಿನ ಕಟ್ಟು ತೀರ ಬಿಗಿಯಾದರೆ ಹೊರಬದಿಯ ಎಲುಬಿನ ಮೇಲೆ ಹಾದುಹೋಗುವ ನರ ಒತ್ತಿ ಪಾದ ಜೋಮು ಹಿಡಿಯುತ್ತದೆ. ಜೋಮು ಬಂದರೆ ತಕ್ಷಣ ಕೂತು ಬಿಚ್ಚಿ. ಬೆವರಿಗೆ ಕಟ್ಟು ಸಡಿಲವಾಗುವುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೊಬ್ಬರು ಪರೀಕ್ಷಿಸಬೇಕು. ಉದ್ದನೆಯ ಷರಾಯಿಯ ಅಂಚು ನೆಲದಿಂದ ಹತ್ತು ಸೆಂ.ಮೀ. ಮೇಲಿರಲಿ.

ಈ ವೇಷದ ಬೇರು ಪಶ್ಚಿಮ ಆಫ್ರಿಕಾದ ಮರಗಾಲು ಕುಣಿತದಲ್ಲಿದೆ. ಹಿಂದೆ ಮೊಕೊ ಜಂಬಿಗಳು ಮಹಡಿಯ ಕಿಟಕಿ, ಬಾಲ್ಕನಿಗಳಲ್ಲಿ ಕೂತವರಿಂದ ನೇರವಾಗಿ ಕಾಸು ಪಡೆಯುತ್ತಿದ್ದರು. ಆಮೇಲೆ ಟ್ರಿನಿಡಾಡಿನಲ್ಲಿ ಇದು ಬಹುತೇಕ ಮರೆಯಾಗಿತ್ತು. ಪೋರ್ಟ್ ಆಫ್ ಸ್ಪೇನ್ ಪಕ್ಕದ ಕೊಕೊರೀಟ್‌ನಲ್ಲಿ ಗ್ಲೆನ್ ‘ಡ್ರ್ಯಾಗನ್’ ಡಿ ಸೋಜಾ 1986ರಲ್ಲಿ ಆರಂಭಿಸಿದ ಶಾಲೆ ಬಡ ಬಡಾವಣೆಯ ನೂರಾರು ಮಕ್ಕಳನ್ನು ಮರಗಾಲಿನ ಮೇಲೆ ನಿಲ್ಲಿಸಿತು. ಇಂದು ಅಲ್ಲಿ ಕಾಣುವ ಮೊಕೊ ಜಂಬಿಗಳ ಸಂಖ್ಯೆಗೆ ಆ ದುಡಿಮೆಯ ಋಣ ದೊಡ್ಡದು. 2017ರಲ್ಲಿ ಸ್ಟೆಫನಿ ಕನ್ಹಾಯ್ ಮರಗಾಲಿನ ಮೇಲೆಯೇ ಕುಣಿದು ಕಾರ್ನಿವಲ್ ರಾಣಿ ಪಟ್ಟ ಗೆದ್ದರು.

ಪ್ರಶ್ನೆ (ಮಂಗಳೂರು): ಮೈಗೆಲ್ಲ ಕಪ್ಪು ಅಥವಾ ನೀಲಿ ಬಳಿದುಕೊಂಡ ದೆವ್ವಗಳು ಬಳಸುವ ಬಣ್ಣ ಯಾವುದು? ಚರ್ಮಕ್ಕೆ ತೊಂದರೆ ಇಲ್ಲವೇ?

ಉತ್ತರ: ಮೊದಲು ಒಂದು ಗೊಂದಲ ಬಿಡಿಸೋಣ. ಟ್ರಿನಿಡಾಡಿನಲ್ಲಿ ಮೈಗೆ ಬಳಿದುಕೊಳ್ಳುವ ದೆವ್ವ ‘ಜ್ಯಾಬ್ ಮೊಲಾಸಿ’. ಅಲ್ಲಿ ‘ಜ್ಯಾಬ್ ಜ್ಯಾಬ್’ ಎಂದರೆ ಎರಡು ಬಣ್ಣದ ಸ್ಯಾಟಿನ್, ಎದೆಗೆ ಕನ್ನಡಿ, ಗೆಜ್ಜೆ, ಕೈಯಲ್ಲಿ ಚಾಟಿ ಇರುವ ಬೇರೆಯೇ ವೇಷ. ಪಕ್ಕದ ಗ್ರೆನೇಡಾದಲ್ಲಿ ಮಾತ್ರ ಮೈಗೆ ಕಪ್ಪು ಬಳಿದವರೇ ಜ್ಯಾಬ್ ಜ್ಯಾಬ್. ಪತ್ರಿಕೆಗಳೂ ಇದನ್ನು ಆಗಾಗ ಅದಲುಬದಲು ಮಾಡುತ್ತವೆ.

ಮೊದಲಿಗೆ ಬಳಿಯುತ್ತಿದ್ದುದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಕುದಿಯುವ ಕಾಕಂಬಿಯ ಕೊಪ್ಪರಿಗೆಗೆ ಬಿದ್ದು ಸತ್ತ ಗುಲಾಮನ ದೆವ್ವ ಕಾರ್ನಿವಲ್ ದಿನ ಮರಳಿ ಬರುತ್ತದೆ ಎಂದು ಕತೆ ಹೇಳುತ್ತಾರೆ. ಆಮೇಲೆ ಡಾಂಬರು, ಗ್ರೀಸು, ಕೆಸರು, ಬಣ್ಣ ಎಲ್ಲ ಬಂದವು. ಕೊಂಬು, ಬಾಲ, ಸೊಂಟಕ್ಕೆ ಸರಪಳಿ. ಸರಪಳಿ ಹಿಡಿದ ಮರಿದೆವ್ವ ಹಿಂದಕ್ಕೆಳೆಯುತ್ತದೆ, ದೊಡ್ಡ ದೆವ್ವ ಜನರ ಮೇಲೆ ನುಗ್ಗುತ್ತದೆ, ಬಿಸ್ಕತ್ ಡಬ್ಬ ಬಡಿಯುವವನು ತಾಳ ಬಿಡುವುದಿಲ್ಲ. ಕಾಸು ಕೊಟ್ಟರೆ ದೆವ್ವ ಇನ್ನೊಬ್ಬರತ್ತ ತಿರುಗುತ್ತದೆ, ಕೊಡದಿದ್ದರೆ ನಿಮ್ಮ ಬಿಳಿ ಅಂಗಿಗೆ ಗ್ರಹಚಾರ. ನೀಲಿ ದೆವ್ವಗಳು ಪಾರಾಮಿನ್ ಎಂಬ ಗುಡ್ಡದ ಹಳ್ಳಿಯವು. ಬಟ್ಟೆಗೆ ಹಾಕುವ ನೀಲಿಯಿಂದಲೇ ಆ ಬಣ್ಣ ಶುರುವಾದದ್ದು.

ನೀವು ಮಾಡುವುದಾದರೆ: ಕಪ್ಪಿಗೆ ಬಟ್ಟೆಯಲ್ಲಿ ಸೋಸಿದ ಇದ್ದಿಲ ಪುಡಿ 100 ಗ್ರಾಂ, ಕೊಬ್ಬರಿ ಎಣ್ಣೆ 150 ಮಿ.ಲೀ. ನೀಲಿಗೆ 200 ಗ್ರಾಂ ವ್ಯಾಸಲಿನ್ ಜೊತೆ ಮೈಗೆ ಹಚ್ಚಲು ಯೋಗ್ಯವಾದ ನೀಲಿ ಪುಡಿ ನಾಲ್ಕೈದು ದೊಡ್ಡ ಚಮಚ. ಅಂಗಡಿಯ ದ್ರವ ನೀಲಿ ಬೇಡ, ಚರ್ಮಕ್ಕೆ ಹಿಡಿದರೆ ದಿನಗಟ್ಟಲೆ ಹೋಗದು. ಹಿಂದಿನ ದಿನ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ಬಳಿಯುವ ಮೊದಲು ಇಡೀ ಮೈಗೆ ಎಣ್ಣೆ ಸವರಿ, ಉಗುರಿನ ಸಂದಿಗೂ. ತೆಗೆಯುವಾಗ ನೀರು ಮುಟ್ಟಿಸದೆ ಹಳೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಮೊದಲೇ ನೀರು ಹಾಕಿದರೆ ಬಣ್ಣ ಮೈಗೆಲ್ಲ ಹರಡಿ ಕೆಲಸ ದುಪ್ಪಟ್ಟಾಗುತ್ತದೆ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ಅಲ್ಲಿ ಇದೆ, ನೀವು ಅನುಸರಿಸಬೇಡಿ. ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳೂ ಲೋಹದ ಅಂಶಗಳೂ ಇರುತ್ತವೆ. ಸೀಮೆಎಣ್ಣೆ ಬಾಯಲ್ಲಿಟ್ಟು ಬೆಂಕಿ ಉಗುಳುವುದೂ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಪ್ರಾಣಕ್ಕೆ ಸಂಚಕಾರ.

ಪ್ರಶ್ನೆ (ಶಿವಮೊಗ್ಗ): ಹೆಣ್ಣು ಪಾತ್ರಗಳು ಇಲ್ಲವೇ?

ಉತ್ತರ: ಇವೆ, ಮತ್ತು ಅವು ಬಹಳ ಚುರುಕು. ‘ಡೇಮ್ ಲೊರೇನ್’ ಫ್ರೆಂಚ್ ತೋಟದ ಒಡತಿಯ ಅಣಕ: ಬೀಸಣಿಗೆ, ಹೂವಿನ ಟೋಪಿ, ನೆಲ ಗುಡಿಸುವ ಲಂಗ, ದಿಂಬು ತುರುಕಿ ಉಬ್ಬಿಸಿದ ಎದೆ ಮತ್ತು ಹಿಂಭಾಗ, ಮುಖಕ್ಕೆ ಬಣ್ಣ ಬಳಿದ ತಂತಿಜಾಲರಿಯ ಮುಖವಾಡ. ಹಿಂದೆ ಇದನ್ನು ಗಂಡಸರೇ ಹೆಚ್ಚಾಗಿ ಹಾಕುತ್ತಿದ್ದರು. ಜಾಲರಿಯ ಮುಖವಾಡ ಸೆಕೆಗೆ ಹೇಳಿ ಮಾಡಿಸಿದ್ದು. ಗಾಳಿ ಆಡುತ್ತದೆ, ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಬರೀ ಬಣ್ಣದ ಮುಖ. ಬಣ್ಣವನ್ನು ತೆಳುವಾಗಿ ಹಚ್ಚಬೇಕು. ದಪ್ಪ ಹಚ್ಚಿದರೆ ಕಿಂಡಿ ಮುಚ್ಚಿ ಕುರುಡಾಗುತ್ತೀರಿ. ಅಂಚಿನ ತಂತಿಗೆ ಬಟ್ಟೆಯ ಪಟ್ಟಿ ಹೊಲಿಯದಿದ್ದರೆ ಕೆನ್ನೆ ಗೀರುತ್ತದೆ.

‘ಬೇಬಿ ಡಾಲ್’ ಮಡಿಕೆ ಫ್ರಾಕು, ಕುಲಾವಿ ತೊಟ್ಟು ಬೊಂಬೆಯೊಂದನ್ನು ಎತ್ತಿಕೊಂಡು ಬರುತ್ತಾಳೆ. ಗುಂಪಿನಲ್ಲಿ ಒಬ್ಬ ಗಂಡಸನ್ನು ಹಿಡಿದು ‘ಈ ಮಗುವಿನ ಅಪ್ಪ ನೀನೇ, ಹಾಲಿಗೆ ದುಡ್ಡು ಕೊಡು’ ಎಂದು ಎಲ್ಲರೆದುರು ಗಟ್ಟಿಯಾಗಿ ಕೇಳುತ್ತಾಳೆ. ಅವನು ನಾಚಿ ದುಡ್ಡು ಕೊಟ್ಟು ಪಾರಾಗುತ್ತಾನೆ. ಕೈಬಿಟ್ಟುಹೋದ ಅಪ್ಪಂದಿರ ವಿಷಯವನ್ನು ನಡುಬೀದಿಯಲ್ಲಿ, ಇಷ್ಟು ನೇರವಾಗಿ ಎತ್ತುವ ವೇಷ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ (ಮಂಡ್ಯ): ಒಂದು ಚಿತ್ರದಲ್ಲಿ ನಮ್ಮ ಕೀಲುಕುದುರೆಯಂಥದ್ದೇ ಇತ್ತು. ನಮ್ಮವರು ಕೊಂಡೊಯ್ದದ್ದೇ?

ಉತ್ತರ: ಆ ವೇಷದ ಹೆಸರು ‘ಬರೋಕೀತ್’. ಬಿದಿರಿನ ಚೌಕಟ್ಟಿನ ಕತ್ತೆ, ನಡುವೆ ತೂತು, ಅದರಲ್ಲಿ ನಿಂತವನ ಹೆಗಲಿಗೆ ಪಟ್ಟಿ. ಇದು ವೆನಿಜುವೆಲಾ ಕಡೆಯಿಂದ ಬಂದದ್ದು. ಆದರೆ ಇದರ ಭಾರತೀಯ ಜೋಡಿಯೂ ಅಲ್ಲಿದೆ, ‘ಸುಮಾರಿ’ ಎಂಬ ಕುದುರೆ. 1845ರಿಂದ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ಸಂತತಿಯವರು ಕುಣಿಸುವಂಥದ್ದು. ಹಾಗೆ ಹೋದವರಲ್ಲಿ ಬಹುಪಾಲು ಕಲ್ಕತ್ತೆಯಿಂದ ಹಡಗು ಹತ್ತಿದ ಭೋಜಪುರಿ ಸೀಮೆಯವರು, ಮದ್ರಾಸಿನಿಂದಲೂ ಸ್ವಲ್ಪ ಜನ ಹೋದರು. ಆದ್ದರಿಂದ ಮಂಡ್ಯದ ಕೀಲುಕುದುರೆಗೂ ಅದಕ್ಕೂ ನೇರ ನಂಟು ಹೇಳಲಾಗದು. ಭಾರತದ ಹಲವು ಕಡೆ ಇರುವ ಕುದುರೆ ಕುಣಿತದ ಒಂದು ಕವಲು ಕಡಲು ದಾಟಿದೆ ಎನ್ನಬಹುದು.

ಪ್ರಶ್ನೆ (ಬೆಳಗಾವಿ): ಜಮೈಕಾದಲ್ಲೂ ಇಂಥ ವೇಷಗಳಿವೆಯಲ್ಲ?

ಉತ್ತರ: ಇವೆ, ಆದರೆ ಕ್ರಿಸ್‌ಮಸ್ ಹೊತ್ತಿಗೆ. ಹೆಸರು ಜೊಂಕನೂ. ಚಿಂದಿಪಟ್ಟಿಗಳ ‘ಪಿಚಿ ಪ್ಯಾಚಿ’, ಬಸುರಿ ವೇಷದ ‘ಬೆಲ್ಲಿ ವುಮನ್’, ಕುದುರೆತಲೆ, ಗೋವಿನತಲೆ ಮುಖ್ಯ ಪಾತ್ರಗಳು. ಕಲಾವಿದ ಐಸಾಕ್ ಮೆಂಡೆಸ್ ಬೆಲಿಸಾರಿಯೊ 1837–38ರಲ್ಲಿ ಪ್ರಕಟಿಸಿದ ಕಲ್ಲಚ್ಚಿನ ಚಿತ್ರಗಳಿಂದ ಆ ಕಾಲದ ವೇಷಗಳು ಹೇಗಿದ್ದವೆಂದು ತಿಳಿಯುತ್ತದೆ. ಬಹಾಮಾಸ್‌ನ ಜಂಕನೂ ಡಿಸೆಂಬರ್ 26 ಮತ್ತು ಜನವರಿ 1ರಂದು ನಡೆಯುತ್ತದೆ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಪ್ರಶ್ನೆ (ಟೊರೊಂಟೊ): ಮುಂದಿನ ವರ್ಷಗಳಲ್ಲಿ ಟ್ರಿನಿಡಾಡಿಗೆ ಹೋಗುವ ಯೋಚನೆಯಿದೆ. ಹಳೆಯ ವೇಷಗಳನ್ನೇ ನೋಡಬೇಕೆಂದರೆ ಯಾವಾಗ, ಎಲ್ಲಿ?

ಉತ್ತರ: ತಾರೀಕು ಈಸ್ಟರ್ ನೋಡಿ ಲೆಕ್ಕ ಹಾಕಬೇಕು. ಈಸ್ಟರ್ ಭಾನುವಾರಕ್ಕೆ 47 ದಿನ ಮುಂಚಿನದು ಕಾರ್ನಿವಲ್ ಮಂಗಳವಾರ. 2027ರಲ್ಲಿ ಅದು ಫೆಬ್ರುವರಿ 9, 2028ರಲ್ಲಿ ಫೆಬ್ರುವರಿ 29. ಆ ಎರಡೇ ದಿನಕ್ಕೆ ಹೋದರೆ ಗರಿ-ಮಣಿಯೇ ಹೆಚ್ಚು ಸಿಗುತ್ತದೆ. ಹಿಂದಿನ ಗುರುವಾರವೇ ತಲುಪಿ. ಶುಕ್ರವಾರ ಬೆಳಕು ಹರಿಯುವ ಮುನ್ನ ಪೋರ್ಟ್ ಆಫ್ ಸ್ಪೇನ್‌ನ ಪಿಕಡಿಲಿ ಬೀದಿಯಲ್ಲಿ ಕ್ಯಾನ್‌ಬುಲೇ ಗಲಭೆಯ ಮರುಪ್ರದರ್ಶನ ಇರುತ್ತದೆ, ಹಳೆಯ ವೇಷಗಳು ಅಲ್ಲಿ ಸಿಗುತ್ತವೆ. ಶನಿವಾರ ಮಕ್ಕಳ ಕಾರ್ನಿವಲ್, ಪುಟ್ಟ ರಾಬರ್‌ಗಳ ಮಾತು ಕೇಳಲು ಅದೇ ಸರಿಯಾದ ಜಾಗ. ಸೋಮವಾರ ನಸುಕಿನ ‘ಜೂವೇ’ಗೆ (ಕೆಸರು, ಬಣ್ಣ ಬಳಿದುಕೊಂಡು ಕುಣಿಯುವ ಬೀದಿ ಮೆರವಣಿಗೆಗೆ) ಹೋಗುವುದಾದರೆ ಎಸೆಯಲು ಸಿದ್ಧವಿರುವ ಬಟ್ಟೆ ತೊಡಿ, ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಸಂಜೆಗೆ ಪಾರಾಮಿನ್. ದಾರಿ ಕಡಿದು, ಊರಿನ ಜೀಪುಗಳನ್ನೇ ನಂಬಬೇಕು, ಕತ್ತಲಿಗೆ ಮುಂಚೆ ಮೇಲೆ ಸೇರಿಕೊಳ್ಳಿ.

ಜೇಬಿನಲ್ಲಿ ಟ್ರಿನಿಡಾಡ್ ಡಾಲರಿನ ಚಿಲ್ಲರೆ ನೋಟು ಇರಲಿ. ವೇಷಧಾರಿ ಎದುರು ನಿಂತಾಗ ಕ್ಯಾಮೆರಾ ಎತ್ತುವ ಮೊದಲು ಅವರ ಆಟ ಪೂರ್ತಿ ನೋಡಿ, ಕೇಳಿದ್ದನ್ನು ಕೊಡಿ, ಆಮೇಲೆ ಚಿತ್ರ ತೆಗೆಯಿರಿ. ರಾಬರ್ ಮಾತಿನ ನಡುವೆ ದುಡ್ಡು ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಪೂರ್ತಿ ಕೇಳಬೇಕೆಂದರೆ ಕೊನೆಯ ಸೀಟಿಯವರೆಗೆ ಜೇಬಿಗೆ ಕೈ ಹಾಕಬೇಡಿ.